ಏರ್ ಫ್ಲೋ ಸೆನ್ಸರ್ ಬದಲಿಸುವ ಮುಂಚೆ ಚಿಕ್ಕಬಳ್ಳಾಪುರದ ಗಾಳಿ ತೂಗಿ ನೋಡಿ

ಶಿವರಾತ್ರಿ ಕಳೆದ ವಾರ ನೆಂಟರನ್ನು ಕೂರಿಸಿಕೊಂಡು ನಂದಿ ಬೆಟ್ಟ ಹತ್ತುತ್ತಿದ್ದೆ. ಎರಡನೇ ಗೇರಿನಲ್ಲಿ ಯಾವತ್ತೂ ತಕರಾರು ಮಾಡದ ಗಾಡಿ ಆ ದಿನ ಮೂರನೇ ತಿರುವಿನಲ್ಲೇ ಸೋತುಹೋಯಿತು. ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ 2,000 ಆರ್‌ಪಿಎಂ ದಾಟಿದ ಮೇಲೆ ಎಳೆತವೇ ಇಲ್ಲ. ಹಿಂದಿನ ಕನ್ನಡಿಯಲ್ಲಿ ನೋಡಿದೆ, ಕಪ್ಪು ಹೊಗೆ ಇಲ್ಲ. ಇಂಜಿನ್ನಿಗೆ ಗಾಳಿ ಊದುವ ಟರ್ಬೊ ಸಣ್ಣಗೆ ಸಿಳ್ಳೆ ಹಾಕುವುದು ಕೇಳುತ್ತಿದೆ. ಮುಂದೆ ಹಳದಿ ಇಂಜಿನ್ ಲೈಟು. ಮೊದಲನೇ ಗೇರಿನಲ್ಲೇ ತೆವಳಿಕೊಂಡು ಮೇಲೆ ಸೇರಿದೆವು.

ಗಾಡಿ 2014ರ 1.3 ಲೀಟರ್ ಡೀಸೆಲ್, 1,10,000 ಕಿಲೋಮೀಟರ್ ಓಡಿದೆ. ದಿನಾ ಚಿಕ್ಕಬಳ್ಳಾಪುರದಿಂದ ಪೆರೇಸಂದ್ರದ ಕಡೆಗೆ ಹೋಗಿ ಬರುತ್ತದೆ. ಮಾರನೆಯ ದಿನ ಒಂದು ಗ್ಯಾರೇಜಿಗೆ ತೋರಿಸಿದೆ. ಓಡಿಸಿ ನೋಡಿದವರು ‘ಟರ್ಬೊ ಹೋಗಿದೆ, ಬಿಚ್ಚಬೇಕು’ ಎಂದರು. ಇನ್ನೊಂದು ಕಡೆ ಸ್ಕ್ಯಾನರ್ ಹಾಕಿದರು, ಪಿ0101 ಎಂಬ ಕೋಡ್ ಬಂತು. ‘ಏರ್ ಫ್ಲೋ ಸೆನ್ಸರ್ ಹೋಗಿದೆ. ಮ್ಯಾಪ್ ಸೆನ್ಸರೂ ಹೋಗಿದೆ, ಇಂಜಿನ್ ಆಫ್ ಇದ್ದಾಗ 101 ತೋರಿಸಬೇಕು, ಇಲ್ಲಿ 91 ತೋರಿಸ್ತಿದೆ. ಎರಡೂ ಹಾಕಿಸಿಬಿಡಿ’ ಎಂದರು.

ಅವರ ಮಾತಿನ ಮೊದಲ ಅರ್ಧ ಕೊನೆಗೆ ನಿಜವಾಯಿತು. ಎರಡನೆಯ ಅರ್ಧ ಶುದ್ಧ ತಪ್ಪು. ಮ್ಯಾಪ್ ಸೆನ್ಸರ್ ಅಳೆಯುವುದು ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡವನ್ನು, ಇಂಜಿನ್ ಆಫ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವೇ. ಆ 91 ಸೆನ್ಸರಿನ ದೋಷವಲ್ಲ, ನಮ್ಮೂರಿನ ಎತ್ತರ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ. ಸಮುದ್ರದ ದಡದಲ್ಲಿ ಗಾಳಿಯ ಒತ್ತಡ 101 ಕಿಲೋ ಪ್ಯಾಸ್ಕಲ್ ಇದ್ದರೆ ಇಲ್ಲಿ 91ರ ಆಸುಪಾಸು, 1,478 ಮೀಟರಿನ ನಂದಿ ಬೆಟ್ಟದ ತುದಿಯಲ್ಲಿ 85ರ ಆಸುಪಾಸು. ಆ ಮ್ಯಾಪ್ ಸೆನ್ಸರ್ ಅಪ್ಪಟ ಸತ್ಯ ಹೇಳುತ್ತಿತ್ತು. ಸತ್ಯ ಹೇಳುತ್ತಿದ್ದ ಭಾಗವನ್ನು ಕಿತ್ತು ಹಾಕಲು ಹೊರಟಿದ್ದೆವಲ್ಲ ಎಂದು ನನಗೆ ಬಹಳ ಬೇಸರವಾಯಿತು. ನಾನೇ ಕೂತು ಪರೀಕ್ಷೆ ಮಾಡಿದ್ದು ಆ ಕಾರಣಕ್ಕೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಸೆನ್ಸರ್ ಏನು ಮಾಡುತ್ತದೆ

ಏರ್ ಫಿಲ್ಟರ್ ಡಬ್ಬಿಯಿಂದ ಹೊರಬಂದ ಕೂಡಲೇ ಸಿಗುವ ಕೊಳವೆಯ ಮೇಲೆ ನಾಲ್ಕೈದು ವೈರಿನ ಸಾಕೆಟ್ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ತುಂಡು ಇರುತ್ತದೆ. ಅದೇ ಎಂಎಎಫ್, ನಮ್ಮ ಶೆಡ್ಡುಗಳ ಭಾಷೆಯಲ್ಲಿ ಏರ್ ಫ್ಲೋ ಸೆನ್ಸರ್. ಎಲ್ಲ ಗಾಡಿಯಲ್ಲೂ ಇದು ಇರುವುದಿಲ್ಲ. ನಮ್ಮಲ್ಲಿ ಓಡುವ ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳು ಬರೀ ಮ್ಯಾಪ್ ಸೆನ್ಸರಿನ ಒತ್ತಡ ನೋಡಿಕೊಂಡು ಗಾಳಿಯ ಲೆಕ್ಕ ಹಾಕುತ್ತವೆ. ಕೊಳವೆಯ ಮೇಲೆ ಎರಡೇ ವೈರಿನ ಪುಟ್ಟ ಸೆನ್ಸರ್ ಕಂಡರೆ ಅದು ಗಾಳಿಯ ಉಷ್ಣತೆ ನೋಡುವಂಥದ್ದು. ಅದನ್ನು ಏರ್ ಫ್ಲೋ ಅಂದುಕೊಂಡು ಬಿಚ್ಚಬೇಡಿ.

ಬಿಸಿ ಕಾಫಿಗೆ ಊದಿದರೆ ಆರುತ್ತದೆ, ಜೋರಾಗಿ ಊದಿದಷ್ಟೂ ಬೇಗ ಆರುತ್ತದೆ. ಸೆನ್ಸರ್ ಕೆಲಸ ಮಾಡುವುದು ಇದೇ ತತ್ವದ ಮೇಲೆ. ಹಳೆಯ ಮಾದರಿಯಲ್ಲಿ ಕಾದ ತಂತಿ ಇರುತ್ತಿತ್ತು, ಅದನ್ನು ಒಂದೇ ಬಿಸಿಯಲ್ಲಿ ಇಡಲು ಎಷ್ಟು ಕರೆಂಟ್ ಬೇಕಾಯಿತು ಎಂಬುದರಿಂದ ಗಾಳಿಯ ಲೆಕ್ಕ ಸಿಗುತ್ತಿತ್ತು. ನನ್ನ ಗಾಡಿಯಲ್ಲಿರುವುದು ಹಾಟ್ ಫಿಲ್ಮ್ ಮಾದರಿ. ಬಹಳ ತೆಳುವಾದ ಪೊರೆಯ ನಡುವೆ ಒಂದು ಬಿಸಿ ತಾಣ, ಅದರ ಆಚೆ ಈಚೆ ಉಷ್ಣತೆ ನೋಡುವ ಎರಡು ಬಿಂದು. ಗಾಳಿ ಹರಿದಾಗ ಗಾಳಿ ಬರುವ ಕಡೆಯ ಬಿಂದು ಹೆಚ್ಚು ತಣಿಯುತ್ತದೆ, ಹೋಗುವ ಕಡೆಯದು ಅಷ್ಟಾಗಿ ತಣಿಯುವುದಿಲ್ಲ. ಎರಡರ ವ್ಯತ್ಯಾಸವೇ ಉತ್ತರ. ಇದು ಅಳೆಯುವುದು ಗಾಳಿಯ ಗಾತ್ರವನ್ನಲ್ಲ, ತೂಕವನ್ನು, ಸೆಕೆಂಡಿಗೆ ಇಷ್ಟು ಗ್ರಾಂ ಎಂದು. ತೆಳು ಗಾಳಿಯ ಊರಿನಲ್ಲಿ ಆರೋಗ್ಯವಾಗಿರುವ ಸೆನ್ಸರ್ ಕಡಿಮೆ ತೋರಿಸಲೇಬೇಕು.

ಈ ಪೊರೆಯ ಮೇಲೆ ಧೂಳು ಕೂತರೆ ಕಂಬಳಿ ಹೊದಿಸಿದಂತೆ. ಸಾಮಾನ್ಯವಾಗಿ ಹಾಗೆ ಕೊಳೆಯಾದ ಸೆನ್ಸರ್ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, ಸ್ವಲ್ಪ ಹೆಚ್ಚಾಗಿ, ಜೋರು ಗಾಳಿಯಲ್ಲಿ ತೀರಾ ಕಡಿಮೆಯಾಗಿ ಹೇಳುತ್ತದೆ. ಈ ಒಂದು ಗುಣ ನೆನಪಿಡಿ, ಮುಂದೆ ಪತ್ತೆಗೆ ಇದೇ ಕೈಹಿಡಿಯುತ್ತದೆ.

ಹೊಗೆ ಇದೆಯೋ ಇಲ್ಲವೋ

ಡೀಸೆಲ್ ಗಾಡಿಯಲ್ಲಿ ಈ ಸೆನ್ಸರಿಗೆ ಎರಡು ಮುಖ್ಯ ಕೆಲಸ. ಹೊಗೆ ಬರದಂತೆ ಡೀಸೆಲಿಗೆ ಮಿತಿ ಹಾಕುವುದು ಒಂದು, ಸುಟ್ಟ ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ವಾಪಸ್ ಬಿಡುವ ಇಜಿಆರ್ ವಾಲ್ವ್ ಎಷ್ಟು ತೆರೆಯಬೇಕು ಎಂದು ಹೇಳುವುದು ಇನ್ನೊಂದು. ಸೆನ್ಸರ್ ಗಾಳಿಯನ್ನು ಕಡಿಮೆ ಹೇಳಿದರೆ ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ‘ಇಷ್ಟೇ ಗಾಳಿ ಇದೆ’ ಎಂದು ನಂಬಿ ಡೀಸೆಲನ್ನೂ ಕಡಿಮೆ ಮಾಡುತ್ತದೆ. ಎಳೆತ ಸಾಯುತ್ತದೆ, ಹೊಗೆ ಬರುವುದಿಲ್ಲ. ನನ್ನ ಗಾಡಿ ಮಾಡಿದ್ದು ಇದನ್ನೇ.

ಎಳೆತವೂ ಇಲ್ಲ, ಜೊತೆಗೆ ಕಪ್ಪು ಹೊಗೆ ಕಕ್ಕುತ್ತಿದೆ ಎಂದರೆ ನನ್ನ ಅನುಮಾನ ಮೊದಲು ಬೇರೆ ಕಡೆ ಹೋಗುತ್ತದೆ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ಹೋಸ್ ಎಲ್ಲಾದರೂ ಬಿರುಕು ಬಿಟ್ಟಿರಬಹುದು. ಸೆನ್ಸರ್ ಎಣಿಸಿದ ಗಾಳಿ ದಾರಿಯಲ್ಲೇ ಸೋರಿಹೋಗಿ ಡೀಸೆಲ್ ಮಾತ್ರ ಪೂರ್ತಿ ಬೀಳುತ್ತದೆ. ಹೋಸಿನ ಕೆಳಭಾಗದಲ್ಲಿ ಹಸಿ ಎಣ್ಣೆಯ ಕಲೆ, ಅದಕ್ಕೆ ಅಂಟಿದ ಧೂಳು ಕಂಡರೆ ಅಲ್ಲೇ ಹುಡುಕಿ. ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೂ ಹೊಗೆ ಬರುತ್ತದೆ. ಐಡಲಿನಲ್ಲಿ ಮಾತ್ರ ನಡುಗಿ ಹೊಗೆ ಬಿಟ್ಟರೆ, ಹೆಚ್ಚು ಹೇಳುತ್ತಿರುವ ಏರ್ ಫ್ಲೋ ಸೆನ್ಸರೇ ಇಜಿಆರನ್ನು ಅತಿಯಾಗಿ ತೆರೆಸುತ್ತಿರಲೂಬಹುದು.

ಪೆಟ್ರೋಲ್ ಗಾಡಿಯವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಫ್ಯುಯಲ್ ಟ್ರಿಮ್, ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು (ಪ್ಲಸ್) ಅಥವಾ ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ. ಸ್ಕ್ಯಾನರಿನಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎಂದು ಶೇಕಡಾ ಲೆಕ್ಕದಲ್ಲಿ ಬರುತ್ತದೆ. ಎರಡನ್ನೂ ಕೂಡಿದಾಗ ಐಡಲಿನಲ್ಲಿ ತುಂಬಾ ಪ್ಲಸ್ ಇದ್ದು 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ವ್ಯಾಕ್ಯೂಮ್ ಲೀಕ್, ಸೆನ್ಸರ್ ದಾಟಿದ ಮೇಲೆ ಎಲ್ಲೋ ಗಾಳಿ ನುಸುಳುತ್ತಿದೆ. ಐಡಲಿನಲ್ಲಿ ಸುಮಾರಾಗಿದ್ದು ಆರ್‌ಪಿಎಂ ಏರಿದಂತೆ ಪ್ಲಸ್ ಕೂಡ ಏರುತ್ತ ಹೋದರೆ ಏರ್ ಫ್ಲೋ ಸೆನ್ಸರ್ ಕಡಿಮೆ ಹೇಳುತ್ತಿದೆ, ಅಥವಾ ಪಂಪು ಫಿಲ್ಟರಿನ ಕಡೆಯಿಂದ ಪೆಟ್ರೋಲೇ ಸಾಲುತ್ತಿಲ್ಲ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎನ್ನುವ ಪಿ0171 ಎಂಬ ಲೀನ್ ಕೋಡ್ ಬಂದ ತಕ್ಷಣ ಆಕ್ಸಿಜನ್ ಸೆನ್ಸರ್ ಬದಲಿಸುವವರನ್ನು ನೋಡಿದ್ದೇನೆ. ಎಷ್ಟೋ ಸಲ ಆ ಬಡಪಾಯಿ ಸೆನ್ಸರ್ ಕಂಡದ್ದನ್ನು ಕಂಡಂತೆ ಹೇಳುತ್ತಿರುತ್ತದೆ.

ಸ್ಪ್ಯಾನರ್ ಹಿಡಿಯುವ ಮುಂಚೆ ಕಣ್ಣು

ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳು ಕೂತಿವೆಯೇ, ಸೆನ್ಸರಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸಿನ ಮಡಿಕೆಗಳಲ್ಲಿ ಬಿರುಕು ಇದೆಯೇ ನೋಡಿ. ಮಡಿಕೆಯನ್ನು ಕೈಯಲ್ಲಿ ಅಗಲಿಸಿಯೇ ನೋಡಬೇಕು, ಸುಮ್ಮನೆ ಮೇಲಿಂದ ನೋಡಿದರೆ ಕಾಣುವುದಿಲ್ಲ. ಅಲ್ಲಿ ಬಿರುಕಿದ್ದರೆ ಇಂಜಿನ್ ಎಣಿಕೆಗೆ ಸಿಗದ ಗಾಳಿ ಕುಡಿಯುತ್ತದೆ, ಸೆನ್ಸರ್ ಕಡಿಮೆ ತೋರಿಸುತ್ತದೆ, ಕೋಡ್ ಮಾತ್ರ ಅದೇ ಪಿ0101. ನೂರಿನ್ನೂರು ರೂಪಾಯಿಯ ಕ್ಲಾಂಪಿನ ತಪ್ಪಿಗೆ ಸಾವಿರಾರು ರೂಪಾಯಿಯ ಸೆನ್ಸರ್ ಬಲಿಯಾಗುವುದು ಇಲ್ಲೇ.

ಆಮೇಲೆ ವೈರು. ತೋಟದ ಮನೆಗಳಲ್ಲಿ, ರಾಗಿ ಮೂಟೆ ಇಟ್ಟ ಶೆಡ್ಡಿನ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ಇದನ್ನು ಬಿಡಲೇಬೇಡಿ. ಇಂಜಿನ್ನಿನ ಬೆಚ್ಚಗೆ ಹುಡುಕಿ ಬರುವ ಇಲಿ ವೈರ್ ಕಡಿದು ಹೋಗುತ್ತದೆ. ಪಿ0102 ಅಥವಾ ಪಿ0103 ಬಂದರೆ ಅದು ಸರ್ಕ್ಯೂಟಿನ ದೂರು, ಸಿಗ್ನಲ್ ತೀರಾ ಕಡಿಮೆ ಅಥವಾ ತೀರಾ ಹೆಚ್ಚು ಎಂದು. ಅಂಥ ಕೋಡಿಗೆ ಸೆನ್ಸರಿಗಿಂತ ಮೊದಲು ವೈರು, ಸಾಕೆಟ್, ಫ್ಯೂಸ್ ನೋಡಬೇಕು. ಪಿ0101 ಹಾಗಲ್ಲ. ಸಿಗ್ನಲ್ ಬರುತ್ತಿದೆ, ಆದರೆ ಅದು ಹೇಳುವ ಲೆಕ್ಕ ನಂಬುವಂತಿಲ್ಲ ಎಂದು ಅದರ ಅರ್ಥ.

ಸಾಕೆಟ್ ಕಿತ್ತು ಓಡಿಸಿ ನೋಡುವ ಹಳೆಯ ಉಪಾಯ ಎಲ್ಲರಿಗೂ ಗೊತ್ತು. ನಾನೂ ಇಗ್ನಿಶನ್ ಆಫ್ ಮಾಡಿ ಸಾಕೆಟ್ ತೆಗೆದು ಹೈವೇಯಲ್ಲಿ ಓಡಿಸಿದೆ. ಎಳೆತ ಮುಕ್ಕಾಲು ಪಾಲು ವಾಪಸ್ ಬಂತು. ಇಷ್ಟಕ್ಕೇ ‘ಸೆನ್ಸರ್ ಹೋಗಿದೆ’ ಎಂದು ಹೇಳಿಬಿಡುವವರಿದ್ದಾರೆ. ಡೀಸೆಲಿನಲ್ಲಿ ಹಾಗೆ ಹೇಳಬೇಡಿ. ಸಾಕೆಟ್ ತೆಗೆದಾಗ ಇಸಿಯು ತನ್ನಲ್ಲಿರುವ ಅಂದಾಜು ಲೆಕ್ಕ ಬಳಸುತ್ತದೆ ನಿಜ, ಆದರೆ ಅದೇ ಹೊತ್ತಿಗೆ ಇಜಿಆರನ್ನೂ ಮುಚ್ಚಿಸಿಬಿಡುತ್ತದೆ. ಸರಿಹೋದದ್ದು ಸೆನ್ಸರ್ ತೆಗೆದದ್ದಕ್ಕೋ ಇಜಿಆರ್ ಮುಚ್ಚಿದ್ದಕ್ಕೋ ಎಂದು ಆ ಪರೀಕ್ಷೆ ಹೇಳುವುದಿಲ್ಲ. ಲೆಕ್ಕವೇ ಹೇಳಬೇಕು.

ನಮ್ಮೂರ ಗಾಳಿಯ ಲೆಕ್ಕ

ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಹಾಕುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್, ಮೊಬೈಲಿನಲ್ಲಿ ಒಂದು ಆ್ಯಪ್, ಇಷ್ಟಿದ್ದರೆ ಸಾಕು. ನಮ್ಮ ದೇಶದಲ್ಲಿ ಒಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲಿನಲ್ಲಿ. ಅದರ ನಂತರದ ಗಾಡಿಗಳಲ್ಲಿ ಲೈವ್ ಡೇಟಾ ಸಿಗಬೇಕು.

ಇಂಜಿನ್ ಒಂದು ಗಾಳಿ ಪಂಪು. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತದೆ. ಹಾಗಾಗಿ ಲೀಟರಿನಲ್ಲಿ ಇಂಜಿನ್ ಗಾತ್ರವನ್ನು ಆರ್‌ಪಿಎಂನಿಂದ ಗುಣಿಸಿ 120ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಲೀಟರ್ ಎಂದು ಸಿಗುತ್ತದೆ. ನನ್ನದು 1.248 ಲೀಟರ್. 850 ಆರ್‌ಪಿಎಂನಲ್ಲಿ 8.84 ಲೀಟರ್.

ಈಗ ಗಾಳಿಯ ತೂಕ. 30 ಡಿಗ್ರಿ ಬಿಸಿಲಿನಲ್ಲಿ ಸಮುದ್ರಮಟ್ಟದ ಒಂದು ಲೀಟರ್ ಗಾಳಿ ಸುಮಾರು 1.16 ಗ್ರಾಂ ತೂಗುತ್ತದೆ. ಚಿಕ್ಕಬಳ್ಳಾಪುರದಲ್ಲಿ ಅದೇ ಬಿಸಿಲಿಗೆ ಸುಮಾರು 1.04. ಸಿಲಿಂಡರ್ ನೂರಕ್ಕೆ ನೂರು ತುಂಬುವುದಿಲ್ಲ, ಐಡಲಿನಲ್ಲಿ ಶೇ 85 ಎಂದು ಹಿಡಿಯಿರಿ. 8.84 ಗುಣಿಸು 1.04 ಗುಣಿಸು 0.85, ಅಂದರೆ ಸೆಕೆಂಡಿಗೆ 7.8 ಗ್ರಾಂ. ಮಂಗಳೂರಿನಲ್ಲಿ ಇದೇ ಗಾಡಿ 8.7 ತೋರಿಸಬೇಕು. ಯಾವುದೋ ಕರಾವಳಿ ಊರಿನವರು ಬರೆದಿಟ್ಟ ಚಾರ್ಟ್ ನೋಡಿ ನಮ್ಮ ಗಾಡಿ ತೂಗಿದರೆ ಒಳ್ಳೆಯ ಸೆನ್ಸರ್ ಕೂಡ ಶೇ 10ರಷ್ಟು ಕಡಿಮೆ ಕಾಣುತ್ತದೆ. ಕೋಲಾರ, ತುಮಕೂರು ಕಡೆಯವರಿಗೂ ಈ ಮಾತು ಸಲ್ಲುತ್ತದೆ, ನಾವೆಲ್ಲ ಒಂದೇ ಪ್ರಸ್ಥಭೂಮಿಯ ಮೇಲೆ ಕೂತವರು.

ಒಂದು ಎಚ್ಚರಿಕೆ. ಈ ಲೆಕ್ಕ ಇಜಿಆರ್ ಮುಚ್ಚಿದ್ದಾಗ ಮಾತ್ರ. ಇಜಿಆರ್ ತೆರೆದರೆ ಹೊಸ ಗಾಳಿಯ ಜಾಗವನ್ನು ಹೊಗೆ ತುಂಬುತ್ತದೆ, ಸೆನ್ಸರ್ ಸಹಜವಾಗಿಯೇ ಅರ್ಧದ ಹತ್ತಿರ ಇಳಿಯಬಹುದು. ನಾನು ಇಜಿಆರ್ ವಾಲ್ವಿನ ವೈರ್ ಸಾಕೆಟ್ ಕಿತ್ತು ಪರೀಕ್ಷೆ ಮಾಡಿದೆ. ಅದಕ್ಕೊಂದು ಕೋಡ್ ಬರುತ್ತದೆ, ಆಮೇಲೆ ಅಳಿಸಿದರಾಯಿತು. ವಾಲ್ವ್ ಇಂಗಾಲ ಹಿಡಿದು ತೆರೆದೇ ಸಿಕ್ಕಿಕೊಂಡಿದ್ದರೆ ಸಾಕೆಟ್ ಕಿತ್ತರೂ ಮುಚ್ಚುವುದಿಲ್ಲ ಎಂಬುದು ತಲೆಯಲ್ಲಿರಲಿ. ಆಗ ಐಡಲಿನಲ್ಲೇ ಲೆಕ್ಕಕ್ಕಿಂತ ತುಂಬ ಕಡಿಮೆ ಬರುತ್ತದೆ. ನನಗೆ ಬಂದದ್ದು ಅದರ ತಿರುಗುಮುರುಗು.

ಐಡಲಿನಲ್ಲಿ 7.8 ಬರಬೇಕಿತ್ತು, 8.6 ಬಂತು. ನ್ಯೂಟ್ರಲಿನಲ್ಲಿ 3,000ಕ್ಕೆ ಏರಿಸಿ ಹಿಡಿದಾಗ, ಶೇ 90 ತುಂಬುತ್ತದೆ ಎಂದುಕೊಂಡರೆ, 29 ಬರಬೇಕಿತ್ತು. ಬಂದದ್ದು 19. ಆಮೇಲೆ ತಮ್ಮನನ್ನು ಪಕ್ಕದಲ್ಲಿ ಕೂರಿಸಿ, ಮೊಬೈಲ್ ಅವನ ಕೈಗೆ ಕೊಟ್ಟು, ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. 3,000 ಆರ್‌ಪಿಎಂನಲ್ಲಿ ಮ್ಯಾಪ್ 160 ಕಿಲೋ ಪ್ಯಾಸ್ಕಲ್ ತೋರಿಸಿತು. ಹೊರಗಿನ ಒತ್ತಡ 91 ಇದ್ದಾಗ ಒಳಗೆ 160 ಎಂದರೆ ಟರ್ಬೊ ಊದುತ್ತಿದೆ. ಆ ಒತ್ತಡದಲ್ಲಿ, ಇಂಟರ್‌ಕೂಲರ್ ದಾಟಿದ ಗಾಳಿ 45 ಡಿಗ್ರಿ ಎಂದು ಹಿಡಿದರೆ, ಸೆಕೆಂಡಿಗೆ 49 ಗ್ರಾಂ ಒಳಗೆ ಹೋಗುತ್ತಿರಬೇಕು. ಏರ್ ಫ್ಲೋ ಸೆನ್ಸರ್ ಹೇಳಿದ್ದು 28.

ಕೆಳಗೆ ಹೆಚ್ಚು, ಮೇಲೆ ಕಡಿಮೆ. ಟರ್ಬೊ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು. ಆದರೂ ಸೆನ್ಸರಿನಿಂದ ಟರ್ಬೊವರೆಗಿನ ಹೋಸಿನ ಲೀಕ್ ಎಂಬ ಸಂಶಯ ಉಳಿದಿತ್ತು. ಲೀಕ್ ಇದ್ದರೆ ಐಡಲಿನಲ್ಲೂ ಕಡಿಮೆಯೇ ಬರಬೇಕು, ಹೆಚ್ಚು ಬರಲು ಕಾರಣವಿಲ್ಲ. ಆ ತರ್ಕದ ಮೇಲೆ ನಿಲ್ಲದೆ ಹೋಸ್ ಬಿಚ್ಚಿ, ಮಡಿಕೆ ಮಡಿಕೆಯಾಗಿ ಬೆಳಕಿಗೆ ಹಿಡಿದು ನೋಡಿದೆ. ಗಟ್ಟಿಯಾಗಿತ್ತು.

ಮಲ್ಟಿಮೀಟರಿನಲ್ಲಿ ಮೂರು ಮಾತು

ಸೆನ್ಸರ್ ಸಾಕೆಟ್ ಕಿತ್ತು, ಇಗ್ನಿಶನ್ ಆನ್ ಮಾಡಿ, ವೈರಿನ ಕಡೆಯ ಸಾಕೆಟ್ಟಿನಲ್ಲಿ ಸಪ್ಲೈ ಪಿನ್ ನೋಡಿ. ಬ್ಯಾಟರಿಯಷ್ಟೇ ವೋಲ್ಟ್ ಬರಬೇಕು. ಯಾವ ಪಿನ್ ಯಾವುದು ಎಂದು ನಿಮ್ಮ ಗಾಡಿಯ ವೈರಿಂಗ್ ಚಿತ್ರ ನೋಡಿಯೇ ಮುಟ್ಟಿ, ಅಂದಾಜಿಗೆ ಚುಚ್ಚಬೇಡಿ. ಆಮೇಲೆ ಸಾಕೆಟ್ ಹಾಕಿ, ಇಂಜಿನ್ ಓಡುವಾಗ ಸೆನ್ಸರಿನ ಅರ್ಥ್ ಪಿನ್ ಮತ್ತು ಬ್ಯಾಟರಿಯ ಮೈನಸ್ ನಡುವೆ ಅಳೆಯಿರಿ. 0.1 ವೋಲ್ಟಿಗಿಂತ ಹೆಚ್ಚಿದ್ದರೆ ಅರ್ಥ್ ಸರಿಯಿಲ್ಲ, ಹೊಸ ಸೆನ್ಸರ್ ಹಾಕಿದರೂ ಅದೇ ಸುಳ್ಳು ಹೇಳುತ್ತದೆ.

ಮೂರನೆಯದು ಸಿಗ್ನಲ್. ಕೆಲವು ಸೆನ್ಸರ್ ಹರ್ಟ್ಸಿನಲ್ಲಿ ಮಾತಾಡುತ್ತವೆ, ಕೆಲವು ವೋಲ್ಟಿನಲ್ಲಿ. ನನ್ನದು ವೋಲ್ಟಿನದು. ಇಂಥ ಬಾಷ್ ಹಾಟ್ ಫಿಲ್ಮ್ ಮಾದರಿಗಳು ಇಗ್ನಿಶನ್ ಆನ್, ಇಂಜಿನ್ ಆಫ್, ಗಾಳಿ ಅಲುಗದೆ ಇದ್ದಾಗ ಒಂದು ವೋಲ್ಟಿಗೆ ತೀರಾ ಹತ್ತಿರ ನಿಲ್ಲಬೇಕು. ನನ್ನದು 1.14 ತೋರಿಸಿತು. ಕೇಳಿದವರಿಗೆ ಅಷ್ಟೇನಾ ಅನ್ನಿಸುತ್ತದೆ. ಗಾಳಿಯೇ ಇಲ್ಲದಾಗ ‘ಗಾಳಿ ಬರುತ್ತಿದೆ’ ಎನ್ನುವ ಸೆನ್ಸರ್ ಅದು. ಐಡಲಿನಲ್ಲಿ ಹೆಚ್ಚು ಹೇಳುತ್ತಿದ್ದದ್ದಕ್ಕೆ ಇದು ತಾಳೆಯಾಯಿತು.

ಇದೇ ಸೆನ್ಸರಿನೊಳಗೆ ಗಾಳಿಯ ಉಷ್ಣತೆ ನೋಡುವ ಭಾಗವೂ ಇರುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಗಾಳಿಯ ಉಷ್ಣತೆ, ಕೂಲೆಂಟ್ ಉಷ್ಣತೆ ಎರಡೂ ಒಂದೆರಡು ಡಿಗ್ರಿಯೊಳಗೆ ಒಂದೇ ಇರಬೇಕು. ಮೈನಸ್ 40 ತೋರಿಸಿದರೆ ಆ ವೈರ್ ಎಲ್ಲೋ ತುಂಡಾಗಿದೆ.

ತೊಳೆದು ನೋಡಿದೆ

ಸೆನ್ಸರ್ ಹಿಡಿದಿರುವ ಎರಡು ಸ್ಕ್ರೂ ನಕ್ಷತ್ರದ ತಲೆಯವು, ನಡುವೆ ಸಣ್ಣ ಗುಬುಟು ಇರುವ ಟಿ20. ತುದಿಯಲ್ಲಿ ತೂತಿರುವ ಬಿಟ್ ಬೇಕು. ಇಕ್ಕಳ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಒಡೆಯುತ್ತದೆ.

ಹೊರತೆಗೆದು ಬಿಸಿಲಿಗೆ ಹಿಡಿದು, ಮಗಳ ಭೂತಗನ್ನಡಿಯಲ್ಲಿ ನೋಡಿದೆ. ಗಾಳಿ ಹೋಗುವ ಕಿರಿದಾದ ಕಿಂಡಿಯೊಳಗೆ ಹೊಳೆಯುವ ಪುಟ್ಟ ಚೌಕ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಗಾಳಿ ಬರುವ ಕಡೆಯ ಅಂಚಿನುದ್ದಕ್ಕೂ ಬೂದು ಬಣ್ಣದ ದಪ್ಪ ಪಟ್ಟಿ ಕಟ್ಟಿತ್ತು. ಒಣ ಧೂಳಲ್ಲ, ಎಣ್ಣೆಯಲ್ಲಿ ಕಲಸಿ ಹಚ್ಚಿದಂತಿತ್ತು. ಎಣ್ಣೆ ಎಲ್ಲಿಂದ ಎಂದರೆ ಇಂಜಿನ್ನಿನೊಳಗಿನ ಎಣ್ಣೆಯ ಆವಿಯನ್ನು ಗಾಳಿ ಕೊಳವೆಗೆ ಬಿಡುವ ಬ್ರೀದರ್ ಪೈಪಿನಿಂದ. ಬಿಸಿ ಇಂಜಿನ್ ನಿಲ್ಲಿಸಿದ ಮೇಲೆ ಆ ಆವಿ ನಿಧಾನಕ್ಕೆ ಹಿಂದಕ್ಕೆ ಹರಿದು ಸೆನ್ಸರಿಗೂ ತಾಗುತ್ತದೆ, ಅದರ ಮೇಲೆ ಧೂಳು ಅಂಟುತ್ತದೆ.

ಎಂಎಎಫ್ ಕ್ಲೀನರ್ ಎಂದೇ ಬರೆದ ಸ್ಪ್ರೇ ಮಾತ್ರ ಬಳಸಿ. ಕಾರ್ಬುರೇಟರ್ ಕ್ಲೀನರ್, ಥಿನ್ನರ್, ಪೆಟ್ರೋಲ್ ಬೇಡ, ಪ್ಲಾಸ್ಟಿಕ್ಕಿಗೂ ಒಳಗಿನ ಅಂಟಿಗೂ ಅವು ವಿಷ. ಬಡ್ಸ್, ಬ್ರಷ್, ಬಟ್ಟೆ ಯಾವುದೂ ಒಳಗೆ ಹೋಗಕೂಡದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಂತೂ ಆ ಪೊರೆಯನ್ನು ಹರಿದೇಬಿಡುತ್ತದೆ. ಒಂದು ಅಂಗೈ ದೂರದಿಂದ ಹತ್ತು ಹನ್ನೆರಡು ಸಲ ಸ್ಪ್ರೇ ಹೊಡೆದು, ಅರ್ಧ ಗಂಟೆ ನೆರಳಲ್ಲಿ ತಾನಾಗಿ ಒಣಗಲು ಬಿಟ್ಟೆ.

ಬರೀ ಕೊಳೆಯಾಗಿದ್ದರೆ ಇಷ್ಟಕ್ಕೆ ಸರಿಹೋಗುತ್ತದೆ, ಎಷ್ಟೋ ಗಾಡಿ ಸರಿಹೋಗಿವೆ. ನನ್ನದರಲ್ಲಿ 3,000 ಆರ್‌ಪಿಎಂ ಲೆಕ್ಕ 19ರಿಂದ 22ಕ್ಕೆ ಏರಿತು, ಅಷ್ಟೇ. ನಿಂತ ಗಾಳಿಯ ವೋಲ್ಟ್ 1.12. ಕಲ್ಲಿನ ಪುಡಿ ವರ್ಷಗಟ್ಟಲೆ ಬಡಿದು ಪೊರೆಯೇ ಸವೆದಿರಬೇಕು. ಬದಲಿಸಲು ಒಪ್ಪಿದ್ದು ಇಷ್ಟೆಲ್ಲ ಆದ ಮೇಲೆ.

ಹೊಸ ಸೆನ್ಸರ್

ಹಳೆಯದರ ಮೈಮೇಲೆ ಕೆತ್ತಿದ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ. ನೋಡಲು ಒಂದೇ ಥರ, ಸಾಕೆಟ್ ಒಂದೇ ಥರ ಎಂದು ಬೇರೆ ಗಾಡಿಯದನ್ನು ಹಾಕಬೇಡಿ. ಸೆನ್ಸರಿನ ಲೆಕ್ಕ ಅದು ಕೂರುವ ಕೊಳವೆಯ ವ್ಯಾಸಕ್ಕೆ ಹೊಂದಿಸಿದ್ದು. ಅದೇ ಒಳಭಾಗವನ್ನು ಬೇರೆ ಅಗಲದ ಕೊಳವೆಗೆ ಹಾಕಿದರೆ ಆಯುಷ್ಯವಿಡೀ ತಪ್ಪು ಹೇಳುತ್ತದೆ. ಕೊಳವೆಯ ಬಾಯಲ್ಲಿ ಜಾಲರಿ ಇದ್ದರೆ ಅದನ್ನೂ ತೆಗೆಯಬಾರದು, ಗಾಳಿಯನ್ನು ಸಮ ಮಾಡುವುದೇ ಅದು.

ನಾನು ಮೊದಲು ತಂದದ್ದು ಅರ್ಧ ಬೆಲೆಗೆ ಸಿಕ್ಕಿದ ಒಂದು. ಡಬ್ಬಿ ಚೆನ್ನಾಗಿತ್ತು, ನಿಂತ ಗಾಳಿಯಲ್ಲಿ ಸರಿಯಾಗಿ 1.00 ವೋಲ್ಟ್. ಐಡಲ್ ಕೂಡ ಸರಿ. 3,000ಕ್ಕೆ ಏರಿಸಿದರೆ 24ರಲ್ಲಿ ನಿಂತಿತು. ಹಿಂದಿರುಗಿಸಿ, ಸರಿಯಾದ ಬಿಲ್ಲಿನೊಂದಿಗೆ ಅಸಲಿ ಭಾಗ ತಂದೆ. ಹೊಸದು ಹಾಕಿದ ಮೇಲೂ ಮೇಲಿನ ಆರ್‌ಪಿಎಂನಲ್ಲಿ ಲೆಕ್ಕ ನೋಡಲೇಬೇಕು ಎನ್ನುವುದು ಅವತ್ತು ಮನದಟ್ಟಾಯಿತು, ಐಡಲ್ ಒಂದನ್ನೇ ನೋಡಿದ್ದರೆ ಆ ನಕಲಿಯೇ ಗಾಡಿಯಲ್ಲಿ ಉಳಿಯುತ್ತಿತ್ತು.

ಕೂರಿಸುವ ಕೆಲಸ ಹದಿನೈದು ನಿಮಿಷದ್ದು. ಇಗ್ನಿಶನ್ ಆಫ್ ಇರಲಿ. ಸಾಕೆಟ್ಟಿನ ಲಾಕ್ ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಗಾಳಿ ಹರಿಯುವ ದಿಕ್ಕಿನ ಬಾಣದ ಗುರುತು ಇಂಜಿನ್ ಕಡೆಗಿರಬೇಕು. ರಬ್ಬರ್ ರಿಂಗ್ ತಿರುಚದೆ ಕೂರಲಿ. ಸ್ಕ್ರೂ ಬಿಗಿಯುವುದು ಪ್ಲಾಸ್ಟಿಕ್ಕಿನೊಳಕ್ಕೆ, ಬೆರಳ ತುದಿಯ ಬಲ ಸಾಕು. ಕೋಡುಗಳನ್ನು ಅಳಿಸಿ. ಕೆಲವು ಗಾಡಿಗಳಲ್ಲಿ ಇಸಿಯು ಹಳೆಯ ಸೆನ್ಸರಿನ ತಪ್ಪಿಗೆ ತಾನೇ ಕಲಿತುಕೊಂಡ ತಿದ್ದುಪಡಿಯನ್ನು ದೊಡ್ಡ ಸ್ಕ್ಯಾನರಿನಲ್ಲಿ ರೀಸೆಟ್ ಮಾಡಿಸಬೇಕಾಗುತ್ತದೆ. ಇಜಿಆರ್ ಸಾಕೆಟ್ ವಾಪಸ್ ಹಾಕುವ ಮುಂಚೆ ಮತ್ತೆ ತೂಗಿದೆ. ಐಡಲ್ 7.7, 3,000ದಲ್ಲಿ 30.

ಧೂಳು ಬಂದ ದಾರಿ

ಸೆನ್ಸರ್ ಹಾಕಿ ಬಾನೆಟ್ ಮುಚ್ಚಿದ್ದರೆ ಹೊಸದೂ ಹಳೆಯದರ ದಾರಿ ಹಿಡಿಯುತ್ತಿತ್ತು. ಫಿಲ್ಟರ್ ದಾಟಿದ ಮೇಲೆ ಸೆನ್ಸರ್ ಇದೆ. ಫಿಲ್ಟರ್ ಕೆಲಸ ಮಾಡಿದ್ದರೆ ಅಲ್ಲಿಗೆ ಧೂಳು ಹೇಗೆ ಬಂತು?

ಫಿಲ್ಟರ್ ತೆಗೆದು, ಶುದ್ಧ ಗಾಳಿಯ ಕಡೆಯ ಗೋಡೆಗೆ ಬೆರಳಾಡಿಸಿದೆ. ಬೆರಳು ಬೂದಿಯಾಯಿತು. ವಿಭೂತಿಯಷ್ಟು ನಯ, ಆದರೆ ಎರಡು ಬೆರಳ ನಡುವೆ ಉಜ್ಜಿದರೆ ಕರಕರ ಅನ್ನುತ್ತದೆ. ಹೊಲದ ಕೆಂಪು ಮಣ್ಣಲ್ಲ, ಕಲ್ಲಿನ ಪುಡಿ. ಪೆರೇಸಂದ್ರದ ಕಡೆ ಜಲ್ಲಿ ತುಂಬಿದ ಟಿಪ್ಪರುಗಳ ಹಿಂದೆ ಹೋದವರಿಗೆ ಆ ಬಿಳಿ ಮೋಡ ಗೊತ್ತು. ನಾನು ದಿನಾ ಎರಡು ಹೊತ್ತು ಅದರೊಳಗೇ ಹೋಗುತ್ತೇನೆ.

ಡಬ್ಬಿಯ ಮುಚ್ಚಳಕ್ಕೆ ನಾಲ್ಕು ಕಡೆ ಹಿಡಿತ. ಬ್ಯಾಟರಿ ಪಕ್ಕದ ಮೂಲೆಯಲ್ಲಿ, ಕೈ ಹೋಗದ ಜಾಗದಲ್ಲಿ, ಪ್ಲಾಸ್ಟಿಕ್ ಕಿವಿಯೊಂದು ಮುರಿದಿತ್ತು. ಮೇಲಿಂದ ನೋಡಿದರೆ ಮುಚ್ಚಳ ಕೂತಂತೆಯೇ ಕಾಣುತ್ತದೆ. ಆ ಮೂಲೆಯಲ್ಲಿ ಫಿಲ್ಟರಿನ ರಬ್ಬರ್ ಅಂಚಿನ ಮೇಲೆ ಒಂದು ಗೇಣುದ್ದ ಬೂದು ಗೆರೆ, ಗಾಳಿ ನುಸುಳಿದ ದಾರಿ ಬರೆದಿಟ್ಟಂತೆ. ಯಾವುದೋ ಸರ್ವೀಸಿನಲ್ಲಿ ಅವಸರಕ್ಕೆ ಎಳೆದಾಗ ಮುರಿದಿರಬೇಕು. ಅದರ ಜೊತೆಗೆ ಫಿಲ್ಟರನ್ನು ಪ್ರತಿ ಸಲ ಕಂಪ್ರೆಸರ್ ಹಿಡಿದು ಊದಿಸುವ ಅಭ್ಯಾಸ ನನಗೂ ಇತ್ತು. ಬಲವಾಗಿ ಊದಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತವೆ. ಫಿಲ್ಟರನ್ನು ಟಾರ್ಚಿಗೆ ಹಿಡಿದಾಗ ಮಡಿಕೆಯ ತಳದಲ್ಲಿ ಎರಡು ಸೂಜಿ ಮೊನೆಯ ಬೆಳಕು ಕಂಡವು.

ಡಬ್ಬಿಯ ಮುಚ್ಚಳ ಬದಲಿಸಿದೆ, ಹೊಸ ಫಿಲ್ಟರ್ ಹಾಕಿದೆ, ಕೊಳವೆ ಡಬ್ಬಿ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಈಗ ಊದಿಸುವುದನ್ನು ಬಿಟ್ಟಿದ್ದೇನೆ. ನಮ್ಮ ರಸ್ತೆಗೆ ಕಂಪನಿ ಹೇಳುವ ಅವಧಿಯವರೆಗೆ ಕಾಯಬಾರದು ಎಂಬುದು ನನ್ನ ಅಭಿಪ್ರಾಯ. ಪ್ರತಿ 5,000 ಕಿಲೋಮೀಟರಿಗೆ ತೆಗೆದು ನೋಡಿ, ಕೊಳೆಯಾಗಿದ್ದರೆ ಹೊಸದೇ ಹಾಕುತ್ತೇನೆ. ಎಣ್ಣೆ ಹಚ್ಚಿ ಬಳಸುವ ಬಟ್ಟೆಯ ಫಿಲ್ಟರ್ ಹಾಕಲು ಒಬ್ಬರು ಹೇಳಿದರು, ಒಪ್ಪಲಿಲ್ಲ. ಹೆಚ್ಚಾದ ಎಣ್ಣೆ ನೇರವಾಗಿ ಹೋಗಿ ಕೂರುವುದು ಇದೇ ಪೊರೆಯ ಮೇಲೆ.

ಎರಡು ವಾರ ಬಿಟ್ಟು ಅದೇ ಬೆಟ್ಟಕ್ಕೆ ಮತ್ತೆ ಹೋದೆ, ಬೆಳಗಿನ ತಂಪಿನಲ್ಲಿ. ಮೂರನೇ ತಿರುವು ಎರಡನೇ ಗೇರಿನಲ್ಲೇ ದಾಟಿತು. ಮೇಲೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ ಇಗ್ನಿಶನ್ ಮಾತ್ರ ಹಾಕಿದಾಗ, ಬದಲಿಸಬೇಕು ಎಂದಿದ್ದ ಆ ಮ್ಯಾಪ್ ಸೆನ್ಸರ್ 85 ತೋರಿಸಿತು. ಮೊನ್ನೆ 5,000 ತುಂಬಿತೆಂದು ಫಿಲ್ಟರ್ ತೆಗೆದು ಒಳಗೋಡೆಗೆ ಬೆರಳಾಡಿಸಿದೆ. ಬೆರಳಿಗೆ ಏನೂ ಅಂಟಲಿಲ್ಲ.